ಅಕ್ಕಿ ಪೆಟ್ಟಿಗೆಯ ಮೇಲಿನ ಮೂವರು

ಜಟ್ಟು ಮಾವ ರಜೆಗೆ ಬಂದನೆಂದರೆ ಹಬ್ಬುವಾಡದ ಆ ಮನೆಯಲ್ಲಿ ಎಲ್ಲರ ದನಿಯೂ ಏರುತ್ತಿತ್ತು. ಹಡಗಿನ ಇಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನ ಕಿವಿ ಅಷ್ಟು ಮಂದವಾಗಿತ್ತು. ಅವನು ಮಾತ್ರ ಅದನ್ನು ಒಪ್ಪುವವನಲ್ಲ. ಯಾರು ಏನೆಂದರೂ ‘ಹ್ಞಾ ಹ್ಞಾ’ ಎನ್ನುವನು. ನಾಲ್ಕು ಜನ ನಕ್ಕರೆ ತಾನೂ ನಗುವನು. ಅಕ್ಕ ದೇವಿ ಅಡುಗೆಮನೆಯಿಂದ ಕೂಗಿ ಕೂಗಿ ಸುಸ್ತಾಗಿ, ಕೊನೆಗೆ ಸೌಟು ಹಿಡಿದುಕೊಂಡೇ ಅವನ ಮುಂದೆ ಬಂದು ನಿಲ್ಲುವಳು.

ಅಕ್ಕನ ಮಗಳು ರಕ್ಷಿತಾಳಿಗೆ ಕೂಗುವುದು ಬರುತ್ತಿರಲಿಲ್ಲ. ಬಿ.ಎ. ಮುಗಿಸಿದವಳು ಕಾರವಾರದ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಊರವರ ಅರ್ಜಿ, ಕರಾರುಪತ್ರಗಳನ್ನು ಟೈಪು ಮಾಡಿಕೊಡುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅಲ್ಲಿ ದಿನಕ್ಕೆ ಹತ್ತು ಮಾತು ಬಾಯಿಂದ ಹೊರಟರೆ ಅದೇ ಹೆಚ್ಚು. ಆಡದೆ ಉಳಿದದ್ದನ್ನೆಲ್ಲ ಸಂಜೆ ದೀಪ ಹಚ್ಚಿದ ಮೇಲೆ ಡೈರಿಯಲ್ಲಿ ಬರೆದಿಡುತ್ತಿದ್ದಳು.

ಅವಳು ಕಾಲೇಜಿಗೆ ಸೇರಿದ ವರ್ಷ ಮಾವ ಯಾವುದೋ ದೂರದ ಬಂದರಿನಿಂದ ಒಂದು ಸಿಡಿ ತಂದುಕೊಟ್ಟಿದ್ದ.

“ಅಂಗಡಿಯವನ ಹತ್ರ ಹೇಳ್ದೆ, ನಮ್ಮ ಮನೆ ಹುಡುಗಿ ಮಾತೇ ಆಡೂದಿಲ್ಲ ಮಾರಾಯಾ, ಅವಳಿಗೆ ಎಂತಾ ತಕಂಡು ಹೋಗೂದು? ಅಂವ ಇದ್ನ ಕೊಟ್ಟ. ಮೂರು ಜನ ಬಾರಿಸ್ತಾರಂತೆ, ಒಬ್ಬನೂ ಬಾಯಿ ಬಿಡೂದಿಲ್ಲಂತೆ. ನಿಂಗೆ ಸಮಾ ಆಯ್ತಲೆ!”

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ರಕ್ಷಿತಾ ಮುಖ ಕೆಂಪು ಮಾಡಿಕೊಂಡು ಸಿಡಿಯನ್ನು ಒಳಗೆ ಒಯ್ದಳು. ಅದು ಜಾಝ್ ಸಂಗೀತ. ಒಬ್ಬ ಪಿಯಾನೋ, ಒಬ್ಬ ಡ್ರಮ್ಮು, ಇನ್ನೊಬ್ಬ ತನಗಿಂತ ಎತ್ತರದ ದೊಡ್ಡ ಪಿಟೀಲಿನಂಥ ವಾದ್ಯವನ್ನು ತಬ್ಬಿಕೊಂಡು ನಿಂತವನು. ಆ ವಾದ್ಯಕ್ಕೆ ಬಾಸ್ ಎನ್ನುತ್ತಾರೆಂದು ಹೊದಿಕೆಯ ಸಣ್ಣ ಅಕ್ಷರಗಳಿಂದ ತಿಳಿಯಿತು. ಮೊದಲ ವಾರ ಅವಳಿಗೆ ತಲೆಬುಡ ತಿಳಿಯಲಿಲ್ಲ. ಎರಡನೆಯ ವಾರ, ಇದು ಮೂವರ ಹರಟೆ ಎಂದು ಹೊಳೆಯಿತು. ಒಬ್ಬ ಒಂದು ಮಾತೆತ್ತುತ್ತಾನೆ, ಇನ್ನೊಬ್ಬ ಅದನ್ನು ತಿರುಗಿಸಿ ನೋಡುತ್ತಾನೆ, ಯಾರಿಗೂ ಗಡಿಬಿಡಿಯಿಲ್ಲ. ಮಾತಾಡದೆ ಹರಟೆ ಹೊಡೆಯುವವರೂ ಲೋಕದಲ್ಲಿದ್ದಾರೆ ಎಂಬುದು ಅವಳಿಗೆ ಎಷ್ಟು ಸಮಾಧಾನದ ಸಂಗತಿಯಾಗಿತ್ತೆಂದರೆ, ಆ ದಿನದ ಡೈರಿಯಲ್ಲಿ ಬೇರೇನೂ ಇಲ್ಲ.

ಮುಂದಿನ ರಜೆಗಳಲ್ಲಿ ಮಾವ ತರುತ್ತಲೇ ಹೋದ. ಒಂಬತ್ತಾದವು. ಎಲ್ಲವೂ ಮೂವರವೇ. ಹೆಸರು ಓದಲು ಕಷ್ಟವಾಗುತ್ತಿದ್ದವುಗಳಿಗೆ ಹೊದಿಕೆಯ ಚಿತ್ರ ನೋಡಿ ತಾನೇ ಹೆಸರಿಟ್ಟಳು: ನೀಲಿ ಕಿಟಕಿ, ಮಳೆಕೋಟು, ಹಳದಿ ಟ್ರಾಮು. ವಿಸಿಡಿ ಪ್ಲೇಯರಿಗೆ ಹಾಕಿ ಟಿವಿಯಲ್ಲೇ ಕೇಳಬೇಕಿತ್ತು. ಪಿಯಾನೋ ಚೆನ್ನಾಗಿ ಕೇಳುತ್ತಿತ್ತು. ಡ್ರಮ್ಮಿನವನು ತಂತಿಯ ಕುಂಚದಿಂದ ಸವರುವುದು ಅವಳ ಆಯಿ ದೇವಿ ಗೆರಸಿಯಲ್ಲಿ ಅಕ್ಕಿ ಕೇರಿದ ಹಾಗೆ ಕೇಳುತ್ತಿತ್ತು. ಆ ಮೂರನೆಯವನು ಮಾತ್ರ ಚಿತ್ರದಲ್ಲಿದ್ದ, ಟಿವಿಯಲ್ಲಿರಲಿಲ್ಲ.

ಕಳೆದ ರಜೆಯಲ್ಲಿ ಒಂದು ಮಧ್ಯಾಹ್ನ ಮಾವನನ್ನು ಕೂರಿಸಿ ‘ಮಳೆಕೋಟು’ ಹಾಕಿದ್ದಳು. ಮಾವ ಕಣ್ಣು ಮುಚ್ಚಿ ತಲೆದೂಗಿದ. ಹಾಡು ಮುಗಿಯಿತು. ಟಿವಿ ಸುಮ್ಮನಾಯಿತು. ಮಾವನ ತಲೆ ಇನ್ನೂ ತೂಗುತ್ತಲೇ ಇತ್ತು.

ಆಯಿ ನೋಡಲಿಲ್ಲ, ಅಪ್ಪ ನೋಡಲಿಲ್ಲ. ರಕ್ಷಿತಾ ನೋಡಿದಳು. ಅಂದಿನ ಡೈರಿಯಲ್ಲಿ ಹೀಗಿದೆ: ‘ಮಾವನಿಗೆ ಕೇಳಿಸಿಲ್ಲ. ಒಂಬತ್ತನ್ನೂ ಹುಡುಕಿ ತಂದವರು ಒಂದನ್ನೂ ಕೇಳಿಲ್ಲ. ಆದರೆ ಅಪ್ಪನ ದಪ್ಪ ದನಿ ಅವರಿಗೆ ಕೇಳುತ್ತದೆ. ರಸ್ತೆಯಲ್ಲಿ ಲಾರಿ ಬಂದರೆ ನಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಸಣ್ಣ ದನಿ ಹೋಗಿದೆ, ದಪ್ಪ ದನಿ ಉಳಿದಿದೆ. ಹಾಗಾದರೆ ಆ ಮೂರನೆಯವನು ಅವರಿಗೆ ಕೇಳಬೇಕು. ನನಗೆ ಮೊದಲು ಅವನು ಕೇಳಬೇಕು.’

ಮಾವನ ಮುಂದಿನ ರಜೆ ಡಿಸೆಂಬರಿನಲ್ಲಿ. ಅಷ್ಟರೊಳಗೆ ಆ ಮೂರನೆಯವನನ್ನು ಮನೆಗೆ ಕರೆತರಬೇಕೆಂದು ಅವಳು ಸಂಬಳದಲ್ಲಿ ಉಳಿಸತೊಡಗಿದಳು.

ದೀಪಾವಳಿಗೆ ಮುಂಚೆ ಅಪ್ಪ ಬೊಮ್ಮಯ್ಯ ಅವಳನ್ನು ಪೇಟೆಯ ಒಂದು ಎಲೆಕ್ಟ್ರಾನಿಕ್ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಐದು ಸಣ್ಣ ಸ್ಪೀಕರು, ಒಂದು ದೊಡ್ಡ ಡಬ್ಬಿ ಇದ್ದ ಹೋಮ್ ಥಿಯೇಟರ್ ಚಾಲು ಮಾಡಿದ. ನೀಲಿ ದೀಪಗಳು ಕುಣಿದವು. ಯಾವುದೋ ಸಿನಿಮಾದ ಹೆಲಿಕಾಪ್ಟರು ಅವರ ತಲೆಯ ಸುತ್ತ ಎರಡು ಸುತ್ತು ಹೊಡೆದು ಹೋಯಿತು.

“ಅಬಾ! ನೆಲ ಸಮೇತ ನಡಗ್ತದಲ್ಲೋ ಮಾರಾಯಾ!” ಅಪ್ಪನಿಗೆ ಖುಷಿಯೋ ಖುಷಿ. “ಕ್ರಿಕೆಟ್ ಮ್ಯಾಚು ಇದ್ರಲ್ಲಿ ಹೆಂಗೆ ಕೇಳೂದು ಗೊತ್ತೀತೆ ತಂಗೀ? ಆಯ್ತು, ಕಟ್ಟಿಸುವಾ?”

ರಕ್ಷಿತಾಳ ಚೀಲದಲ್ಲಿ ‘ನೀಲಿ ಕಿಟಕಿ’ ಇತ್ತು. ‘ಇದನ್ನು ಒಮ್ಮೆ ಹಾಕಿ’ ಎಂಬ ಮೂರು ಪದ ಬಾಯಿಗೆ ಬರಲಿಲ್ಲ. ಕೊನೆಗೆ ಮಾತಿಲ್ಲದೆ ಸಿಡಿಯನ್ನು ಗಲ್ಲೆಯ ಮೇಜಿನ ಮೇಲೆ ಇಟ್ಟಳು. ಅಂಗಡಿಯವನು ಹಿಂದೆ ಮುಂದೆ ತಿರುಗಿಸಿ ನೋಡಿ ಹಾಕಿದ. ಪಿಯಾನೋ ಎದುರಿನಿಂದ ಬಂತು, ಡ್ರಮ್ಮು ಬೆನ್ನ ಹಿಂದಿನಿಂದ ಬಂತು, ಮೂಲೆಯ ಡಬ್ಬಿಯಿಂದ ‘ಗುಂ’ ಎಂದು ಒಂದೇ ಸದ್ದು ಬಂತು. ಒಟ್ಟಿಗೆ ಹರಟುತ್ತಿದ್ದ ಮೂವರನ್ನು ಯಾರೋ ಜಗಳ ಬಿಡಿಸಿ ಮೂರು ಮೂಲೆಗೆ ಕೂರಿಸಿದ ಹಾಗಿತ್ತು.

“ಬ್ಯಾಡ ಅಪ್ಪಾ” ಎಂದಳು.

ಬೊಮ್ಮಯ್ಯ ಅವಳನ್ನೇ ನೋಡಿದ. ಮಗಳು ಅಂಗಡಿಯಲ್ಲಿ ನಿಂತು ಬೇಡ ಎಂದದ್ದನ್ನು ಅವನು ಈವರೆಗೆ ಕೇಳಿರಲಿಲ್ಲ. ಕೊಟ್ಟ ಚಪ್ಪಲಿ ಕಚ್ಚಿದರೂ ಹಾಕಿಕೊಂಡು ಬರುವ ಹುಡುಗಿ ಅದು. ಅವನಿಗೆ ಹೆಲಿಕಾಪ್ಟರಿನ ಆಸೆ ಬಿಡುವುದು ಸುಲಭವಿರಲಿಲ್ಲ. ಆದರೂ ಹೊರಗೆ ಬಂದು ಬೀಡಿ ಹಚ್ಚಿ ಹೇಳಿದ: “ಹಂಗಾದ್ರೆ ಬಾಳೆಗುಳಿ ಮಾದೇವನ ಹತ್ರ ಹೋಗುವಾ. ನಮ್ಮಲ್ಲಿ ಮದುವೆ ಮುಂಜಿ ಏನಾದ್ರೂ ಮೈಕ್ ಸೆಟ್ ಅಂವಂದೇ ಅಲ್ವಾ. ಸದ್ದಿನ ವಿಷಯ ಅವನ ಹಂಗೆ ತಿಳದವ್ರು ಇಲ್ಲ.”

ಮುಂದಿನ ಭಾನುವಾರ ಅಂಕೋಲೆಗೆ ಬಸ್ಸು, ಅಲ್ಲಿಂದ ಬಾಳೆಗುಳಿಗೆ ಟೆಂಪೋ. ಮಾದೇವನ ಅಂಗಡಿ ಹೆದ್ದಾರಿ ಕೂಡುವಲ್ಲೇ ಇತ್ತು. ಒಳಗೆ ಕಹಳೆಯಂಥ ಮೈಕುಗಳು ಒಂದರೊಳಗೊಂದು ಮಲಗಿದ್ದವು. ಅದಿರು ಲಾರಿ ಹೋದಾಗಲೆಲ್ಲ ಗೋಡೆಯ ಮೊಳೆಗೆ ಸಿಕ್ಕಿಸಿದ ಸ್ಕ್ರೂಡ್ರೈವರುಗಳು ಕಿಣಿಕಿಣಿ ಎನ್ನುತ್ತಿದ್ದವು. ಮಾದೇವ ಐವತ್ತು ದಾಟಿದ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡ ಮನುಷ್ಯ.

“ಬೊಮ್ಮಯ್ಯಣ್ಣ, ನೀವು ಎದುರಿನ ಹೋಟ್ಲಿಗೆ ಹೋಗಿ ಚಾ ಕುಡೀರಿ” ಎಂದ. “ತಕಣೂದು ಯಾರು? ನಿಮ್ಮ ಹುಡುಗಿ. ನೀವು ಕೂತ್ರೆ ನಿಮ್ಮ ಕಿವಿಲಿ ಕೇಳ್ತದೆ ಅದು.”

ಅಪ್ಪ ಗೊಣಗುತ್ತ ಹೋದ. ಮಾದೇವ ಒಂದು ಹಳೆಯ ಸ್ಟೀರಿಯೋ ಆಂಪ್ಲಿಫೈಯರನ್ನು ಧೂಳು ಹೊಡೆದು ಇಟ್ಟ. ಅದಕ್ಕೆ ದೀಪವೇ ಇರಲಿಲ್ಲ, ಒಂದು ಕೆಂಪು ಚುಕ್ಕೆ ಬಿಟ್ಟರೆ. ಅದರ ಪಕ್ಕ ಎರಡು ಜೊತೆ ಸ್ಪೀಕರು. ಒಂದು ಜೊತೆ ಗೋವೆಯಿಂದ ತಂದದ್ದು, ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಅವನೇ ಪ್ಲೈವುಡ್ಡಿನಲ್ಲಿ ಕೂಡಿಸಿದ್ದು. ಬಣ್ಣವನ್ನೂ ಹೊಡೆದಿರಲಿಲ್ಲ.

“ಕೇಳು ತಂಗೀ. ದೊಡ್ಡ ಮಾಡಿ ಪರೀಕ್ಷೆ ಮಾಡೂದಲ್ಲ. ದೊಡ್ಡ ಮಾಡ್ದರೆ ತಗಡಿನ ಡಬ್ಬಿನೂ ಹಾಡ್ತದೆ. ಸಣ್ಣ ಮಾಡ್ತಾ ಹೋಗು, ಇನ್ನೂ ಸಣ್ಣ. ಅಷ್ಟೊತ್ತಿಗೆ ಬಾರಿಸೂವ್ರಲ್ಲಿ ಯಾರು ಮೊದಲು ಎದ್ದು ಹೋಗ್ತಾರೆ ನೋಡು. ಯಾರೂ ಹೋಗ್ದಿದ್ರೆ ಅದೇ ಚಲೋ ಪೆಟ್ಟಿಗೆ. ಲಾರಿ ಬಂದ್ರೆ ಸುಮ್ನೆ ಕೂತ್ಕ, ಅದು ಹೋದಮೇಲೆ ಕೇಳು.” ಇಷ್ಟು ಹೇಳಿ ಅವನೂ ಹೊರಗೆ ಹೋಗಿ ರಸ್ತೆ ಅಂಚಿನಲ್ಲಿ ನಿಂತುಬಿಟ್ಟ. ಮದುವೆ ಮನೆಯಲ್ಲೂ ಅವನು ಹೀಗೆಯೇ, ಮೈಕು ಹಚ್ಚಿ ಚಪ್ಪರದ ಹೊರಗೆ ಹೋಗಿ ನಿಲ್ಲುವವನು.

ರಕ್ಷಿತಾ ಒಬ್ಬಳೇ ಉಳಿದಳು. ಅದೇ ಅವಳಿಗೆ ಬೇಕಾದದ್ದು. ‘ನೀಲಿ ಕಿಟಕಿ’ ಹಾಕಿ, ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತ ಹೋದಳು. ಮಿಂಚುವ ಸ್ಪೀಕರಿನಲ್ಲಿ ಪಿಯಾನೋ ಕೊನೆಯವರೆಗೂ ಉಳಿಯಿತು. ಉಳಿದಿಬ್ಬರು ಹೇಳದೆ ಕೇಳದೆ ಹೊರಟುಹೋದರು. ತಂತಿ ಬದಲಿಸಿ ಬಣ್ಣವಿಲ್ಲದ ಪೆಟ್ಟಿಗೆಗೆ ಹಚ್ಚಿದಳು. ಆಗ ಪಿಯಾನೋದ ಕೆಳಗಿನಿಂದ ಯಾರೋ ನಡೆದು ಬಂದರು. ಬರಿಗಾಲಲ್ಲಿ, ಮಣ್ಣಿನ ನೆಲದ ಮೇಲೆ, ಒಂದೊಂದೇ ಹೆಜ್ಜೆ ಊರಿ. ಒಂದು ಹೆಜ್ಜೆಯ ಹಾಗೆ ಇನ್ನೊಂದಿಲ್ಲ. ಸಣ್ಣ ಮಾಡಿದಳು, ಹೋಗಲಿಲ್ಲ. ಇನ್ನೂ ಸಣ್ಣ ಮಾಡಿದಳು, ಅಲ್ಲೇ ಇದ್ದ. ಐದು ವರ್ಷದಿಂದ ಅವಳ ಮನೆಯಲ್ಲೇ ಇದ್ದು ಒಮ್ಮೆಯೂ ಕಾಣಿಸದವನು ಅಂದು ಬಾಳೆಗುಳಿಯಲ್ಲಿ ಸಿಕ್ಕಿದ್ದ. ಅವಳಿಗೆ ಕಣ್ಣು ತುಂಬಿ ಬಂತು. ಹೊರಗಿನಿಂದ ಯಾರಾದರೂ ನೋಡಿಯಾರೆಂದು ತಂತಿ ಸರಿಮಾಡುವವಳಂತೆ ಬಗ್ಗಿದಳು.

ಮಾದೇವ ಒಳಗೆ ಬಂದಾಗ ತಾನಾಗಿಯೇ ಹೇಳಿದಳು: “ಆ ಕಪ್ಪು ಪೆಟ್ಟಿಗೆಲಿ ಮೂರನೆಯವ್ರು ಮೊದ್ಲೇ ಎದ್ದು ಹೋಗ್ತಾರೆ. ಇದ್ರಲ್ಲಿ ಕೂತೇ ಇರ್ತಾರೆ.”

ಮಾದೇವ ಪೆನ್ಸಿಲು ತೆಗೆದು ಕಿವಿ ತುರಿಸಿಕೊಂಡು ನಕ್ಕ. “ಇಪ್ಪತ್ತೈದು ವರ್ಷ ಆಯ್ತು ನಾನು ಅಂಗಡಿ ಇಟ್ಟು. ಸಣ್ಣ ಮಾಡಿ ಕೇಳ್ದ ಗಿರಾಕಿ ನೀನೊಬ್ಳೇ. ತಕಂಡು ಹೋಗು. ತಿಂಗಳಿಗೊಂದು ಸಲ ತಂತಿ ತುದಿ ಒರಸು, ನಮ್ಮ ಗಾಳಿಗೆ ಉಪ್ಪು ಹತ್ತತದೆ.”

ಆ ಮನೆಗೆ ಹೊಸ ವಸ್ತು ಏನು ಬಂದರೂ ದೇವಿ ಅದನ್ನು ಮೊದಲು ಇಡುವುದು ದೇವರ ಮೂಲೆಯ ಪಕ್ಕದ ಅಕ್ಕಿ ಪೆಟ್ಟಿಗೆಯ ಮೇಲೆ. ಅತ್ತೆಯ ಕಾಲದ ಹಲಸಿನ ಮರದ ಪೆಟ್ಟಿಗೆ ಅದು, ಮಂಚದಷ್ಟು ಉದ್ದ. ಮಿಕ್ಸರು ಬಂದಾಗಲೂ, ರಕ್ಷಿತಾಳ ಡಿಗ್ರಿ ಸರ್ಟಿಫಿಕೇಟು ಬಂದಾಗಲೂ ಮೊದಲು ಕೂತದ್ದು ಅಲ್ಲೇ. ಕುಂಕುಮ ಹಚ್ಚಿ, ಹೂವಿಟ್ಟು, ಕೊಯ್ಲಾದ ಮೇಲಿನ ಹುಣ್ಣಿಮೆಗೆ ಕಿನ್ನರ ಊರಿನ ತಮ್ಮ ಗದ್ದೆಯ ಹೊಸ ಅಕ್ಕಿ ಪೆಟ್ಟಿಗೆಗೆ ಬೀಳುವ ತನಕ ಆ ವಸ್ತುವನ್ನು ಕೆಳಗಿಳಿಸುವಂತಿಲ್ಲ. ಮಳೆಗಾಲ ಕಳೆದು ಪೆಟ್ಟಿಗೆಯ ತಳ ಕಂಡಿತ್ತು. ಪೂರ್ತಿ ಖಾಲಿ ಮಾಡಬಾರದೆಂದು ದೇವಿ ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ ಉಳಿಸಿದ್ದಳು. ಸ್ಪೀಕರುಗಳು ಎರಡು ತುದಿಗೆ ಕೂತವು, ಆಂಪ್ಲಿಫೈಯರು ನಡುವೆ.

ರಕ್ಷಿತಾ ಸಿಡಿ ಹಾಕಿದಳು. ‘ಗುಂ’ ಎಂದಿತು ಮನೆ.

ಬಾಳೆಗುಳಿಯಲ್ಲಿ ನಡೆದು ಬಂದವನ ಹೆಜ್ಜೆಗಳೆಲ್ಲ ಇಲ್ಲಿ ಕೆಸರಿಗಿಳಿದಿದ್ದವು. ಯಾವ ಸ್ವರ ಬಾರಿಸಿದರೂ ಅದೇ ಗುಂ. ಅವಳು ಗುಂಡಿಗಳನ್ನು ತಿರುಗಿಸಿದಳು, ತಂತಿ ಬದಲಿಸಿದಳು. ಏನೂ ಆಗಲಿಲ್ಲ. ತಾನೇ ತಪ್ಪು ಆರಿಸಿದೆ ಎಂದುಕೊಂಡಳು. ಮಾದೇವನಿಗೆ ಫೋನು ಮಾಡಿ ದೂರುವುದು ಅವಳಿಂದಾಗದ ಕೆಲಸ. ಅಪ್ಪ ಪಾಪ, “ಚಲೋ ಇದೆ ಬಿಡು, ನೆಲ ಇಲ್ಲೂ ನಡಗ್ತದೆ” ಎಂದ. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಬೇಜಾರಾಯಿತು. ಹೀಗೇ ಒಂದು ತಿಂಗಳ ಮೇಲಾಯಿತು.

ಡಿಸೆಂಬರಿನಲ್ಲಿ ಜಟ್ಟು ಮಾವ ಬಂದ, ಹತ್ತನೆಯ ಸಿಡಿಯೊಂದಿಗೆ. ಈ ಸಲ ರಜೆ ಹತ್ತೇ ದಿನ. ಪೆಟ್ಟಿಗೆಯ ಮೇಲಿನ ಸಾಮಾನು ನೋಡಿ ಕಣ್ಣರಳಿಸಿದ.

“ಇದು ನಾನು ತಂದಿದ್ದನ್ನ ಕೇಳೂಕೇ ತಕಂಡ್ಯನೆ? ಹಾಕು, ಹಾಕು!”

ಅವಳು ಹಾಕಿದಳು. ಮಾವ ಪೆಟ್ಟಿಗೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ಸ್ವಲ್ಪ ಹೊತ್ತಿಗೆ ಅವನ ಮುಖದಲ್ಲಿ ಒಂದು ದಣಿವು ಬಂತು. ಆದರೂ ನಕ್ಕ.

“ಚಲೋ ಇದೆ ಮಗಾ. ಥೇಟ್ ನಮ್ಮ ಇಂಜಿನ್ ಇದ್ದಂಗೇ ಇದೆ.”

ಇಂಜಿನ್ನಿನಿಂದ ತಪ್ಪಿಸಿಕೊಂಡು ಹತ್ತು ದಿನಕ್ಕೆಂದು ಮನೆಗೆ ಬಂದವನಿಗೆ ಮತ್ತೆ ಇಂಜಿನ್ನನ್ನೇ ಕೇಳಿಸಿದೆನಲ್ಲ ಎಂದು ರಕ್ಷಿತಾ ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಳು. ಸಂಜೆಯ ತನಕ ಕೂತಳು. ಆಮೇಲೆ ಎದ್ದು ಬಂದು, ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದ ನಂಬರನ್ನು ಒತ್ತಿದಳು. ಏನು ಹೇಳಬೇಕೆಂಬುದನ್ನೂ ಅದರ ಕೆಳಗೆ ಬರೆದುಕೊಂಡಿದ್ದಳು.

“ಮಾದೇವಣ್ಣಾ, ನಾನು ಬೊಮ್ಮಯ್ಯನವ್ರ ಮಗಳು. ಪೆಟ್ಟಿಗೆ ಅಲ್ಲಿ ಕೇಳ್ದಂಗೆ ಇಲ್ಲಿ ಕೇಳೂದಿಲ್ಲ. ಮೂರನೆಯವ್ರು ಇದಾರೆ. ಆದ್ರೆ ಬರೀ ಗುಂ ಅಂತಾರೆ.”

ಆ ಕಡೆ ಲಾರಿಯೊಂದು ಹೋಗುವ ತನಕ ಮಾದೇವ ಸುಮ್ಮನಿದ್ದ. “ಎಲ್ಲಿಟ್ಟೀದ್ಯೆ ಅದ್ನ?”

“ಅಕ್ಕಿ ಪೆಟ್ಟಿಗೆ ಮೇಲೆ.”

“ತುಂಬಿದ್ದೋ, ಖಾಲಿಯೋ?”

“ಖಾಲಿ. ಒಂದು ಸೇರು ಇದ್ದೀತು.”

ಮಾದೇವ ನಕ್ಕ ಸದ್ದಿಗೆ ಅವಳು ರಿಸೀವರನ್ನು ದೂರ ಹಿಡಿಯಬೇಕಾಯಿತು. “ಅಯ್ಯೋ ತಂಗೀ! ಅದು ಪೆಟ್ಟಿಗೆಯಲ್ಲ, ಗುಮಟೆ! ಸುಗ್ಗಿಲಿ ಬಾರಿಸೂ ಗುಮಟೆ ಹೊಟ್ಟೆ ಖಾಲಿ ಇದ್ದದ್ದಕ್ಕೇ ಅಷ್ಟು ದೊಡ್ಡ ಸದ್ದು ಮಾಡೂದು. ನೀನು ನನ್ನ ಸ್ಪೀಕರ್ನ ಅಷ್ಟು ದೊಡ್ಡ ಗುಮಟೆ ಮೇಲೆ ಕೂರಿಸೀದೆ. ಅಂವ ಒಂದಂದ್ರೆ ಅದು ಹತ್ತು ಅಂತದೆ. ಇಳಸು, ಇಲ್ಲಾ ತುಂಬು.”

ಅವಳಿಗೆ ಮೊದಲು ನಗು ಬಂತು, ಆಮೇಲೆ ಗಾಬರಿಯಾಯಿತು. ಆಯಿಯನ್ನು ಕೇಳಿದಾಗ ಅವಳು ಹೇಳಿದ್ದು ಒಂದೇ ಮಾತು.

“ಇಳಸೂದು ಗಿಳಸೂದು ಇಲ್ಲ. ಕುಂಕುಮ ಹಚ್ಚಿ ಕೂರ್ಸಿದ್ದು ಅದು. ಹುಣ್ಣಿಮೆ ದಿನ ಹೊಸ ಅಕ್ಕಿ ಹಾಕ್ತೆ, ಮತ್ತೆ ನಿಂಗೆ ಬೇಕಾದಲ್ಲಿ ಇಟ್ಕ.”

“ಹುಣ್ಣಿಮೆ ಒಳಗೆ ಮಾವ ಹೋಗ್ತಾರೆ.”

“ಹೋದ್ರೆ? ಅಂವಂಗೂ ಇದ್ಕೂ ಎಂತಾ ಸಂಬಂಧ?”

ರಕ್ಷಿತಾ ಒಳಗೆ ಹೋಗಿ ಡೈರಿ ತಂದಳು. ಯಾರಿಗೂ ತೋರಿಸದ ಡೈರಿ. ಕಳೆದ ರಜೆಯ ಆ ಪುಟ ತೆಗೆದು ಆಯಿಯ ಕೈಗೆ ಕೊಟ್ಟು, ತಾನು ಕಿಟಕಿಯ ಕಡೆ ತಿರುಗಿ ನಿಂತಳು. ದೇವಿ ಒಲೆಯ ಬೆಳಕಿನಲ್ಲಿ ನಿಧಾನವಾಗಿ ಓದಿದಳು.

“ಒಂದೂ ಕೇಳ್ಲಿಲ್ವೇ ಅಂವಂಗೆ?” ಎಂದಳು. “ನಾನು ಬರೀ ಕೂಗ್ತಿದ್ದೆ. ಅಂವ ನಗ್ತಿದ್ದ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾಳೆ ಕಿನ್ನರಕ್ಕೆ ಹೋಗಿ ಅಕ್ಕಿ ತಕಂಡು ಬನ್ನಿ. ಹುಣ್ಣಿಮೆ ಬಂದಾಗ ಬರ್ಲಿ. ದೇವ್ರು ಕೇಳ್ದರೆ ನಾನು ಹೇಳ್ತೆ.”

ಮರುದಿನ ಬೆಳಗ್ಗೆ ಮಾವ, ಸೊಸೆ ಇಬ್ಬರೂ ಕಿನ್ನರಕ್ಕೆ ಹೋದರು. ಗಿರಣಿಯಿಂದ ಬಂದ ಹೊಸ ಅಕ್ಕಿಯ ಚೀಲಗಳು ಜಗುಲಿಯಲ್ಲೇ ಇದ್ದವು. ಟೆಂಪೋದ ಹಿಂಬದಿಯಲ್ಲಿ ಚೀಲಗಳ ಮೇಲೆ ಕೂತು, ಕಾಳಿ ಹೊಳೆಯ ಪಕ್ಕದಲ್ಲಿ ಬರುವಾಗ ಮಾವ ಗಾಳಿಗೆ ಅಡ್ಡವಾಗಿ ತನ್ನ ಬಂದರುಗಳ ಕಥೆ ಹೇಳಿದ. ಸಿಡಿ ಕೊಡುವ ಒಬ್ಬ ಮುದುಕ ಇವನನ್ನು ಕಂಡೊಡನೆ ‘ಮಾತಾಡದ ಹುಡುಗಿಯ ಮಾವ ಬಂದ’ ಎಂದು ಹಿಂದಿನ ಕಪಾಟು ತೆಗೆಯುತ್ತಾನಂತೆ. ಸಮುದ್ರದ ಆಚೆ ಒಂದು ಅಂಗಡಿಯಲ್ಲಿ ತನ್ನನ್ನು ಬಲ್ಲ ಮನುಷ್ಯನಿದ್ದಾನೆ ಎಂಬುದನ್ನು ರಕ್ಷಿತಾ ಎಷ್ಟೋ ಹೊತ್ತು ಒಳಗೊಳಗೇ ತಿರುಗಿಸಿ ನೋಡಿದಳು.

ಸ್ಪೀಕರುಗಳನ್ನು ಗಳಿಗೆಯ ಮಟ್ಟಿಗೆ ಎತ್ತಿ ಹಿಡಿದುಕೊಂಡು ನಿಂತರು; ಕೆಳಗಿಡಲು ದೇವಿ ಬಿಡಲಿಲ್ಲ. ಅಪ್ಪ ಒಂದನ್ನು, ರಕ್ಷಿತಾ ಒಂದನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದರು. ಆಂಪ್ಲಿಫೈಯರು ದೇವಿಯ ಕೈಯಲ್ಲೇ ಇತ್ತು. ಮಾವ ಚೀಲ ಬಿಚ್ಚಿ ಸುರಿದ. ಪೆಟ್ಟಿಗೆಯ ಒಳಗೆ ಅಕ್ಕಿ ಬೀಳುವ ಸದ್ದು ಮೊದಮೊದಲು ದೊಡ್ಡದಾಗಿತ್ತು, ತುಂಬುತ್ತ ಹೋದ ಹಾಗೆ ಸಣ್ಣದಾಯಿತು. ಕೊನೆಯ ಚೀಲದ ಹೊತ್ತಿಗೆ ಬರೀ ಉಸಿರು. ಮಾವ ಮುಚ್ಚಳ ಹಾಕಿದ ಮೇಲೆ ರಕ್ಷಿತಾ ಸ್ಪೀಕರನ್ನು ಒಂದು ತೋಳಿಗೆ ಸರಿಸಿ, ಬೆರಳ ಗಂಟಿನಿಂದ ಬಡಿದು ನೋಡಿದಳು. ಬಂಡೆ ಬಡಿದ ಹಾಗಿತ್ತು. ಸ್ಪೀಕರುಗಳು ಮತ್ತೆ ಅದರ ಮೇಲೇ ಕೂತವು.

‘ನೀಲಿ ಕಿಟಕಿ’ ಹಾಕಿದಳು.

ಬರಿಗಾಲಿನವನು ಬಂದ. ಬಾಳೆಗುಳಿಯಲ್ಲಿ ಬಂದ ಹಾಗೆಯೇ, ಒಂದೊಂದೇ ಹೆಜ್ಜೆ ಊರುತ್ತ. ಅವಳು ಮಾವನನ್ನು ನೋಡುತ್ತಿದ್ದಳು. ಮಾವ ಈ ಸಲ ಕಣ್ಣು ಮುಚ್ಚಲಿಲ್ಲ, ತಲೆ ತೂಗಲಿಲ್ಲ. ನಗಲೂ ಇಲ್ಲ. ಬಾಗಿಲಲ್ಲಿ ಯಾರೋ ಬಂದರೆ ನೋಡುವ ಹಾಗೆ ಕತ್ತು ಮುಂದೆ ಮಾಡಿದ. ಅವನ ಬಲಗೈಯ ತೋರುಬೆರಳು ಮೊಣಕಾಲಿನ ಮೇಲೆ ಒಮ್ಮೆ ಬಿತ್ತು. ಇನ್ನೊಮ್ಮೆ ಬಿತ್ತು. ಆಮೇಲೆ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೋಯಿತು, ಒಂದೂ ತಪ್ಪದೆ. ದೇವಿ ಕೈಯಲ್ಲಿ ಹೂವು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಅವಳ ಕಣ್ಣೂ ಆ ಬೆರಳಿನ ಮೇಲೆ.

ಹಾಡಿನ ನಡುವೆ ಒಂದು ಕಡೆ ಪಿಯಾನೋ ಒಂದೇ ಉಳಿಯುತ್ತದೆ. ಉಳಿದಿಬ್ಬರು ಸುಮ್ಮನಾಗುತ್ತಾರೆ. ಮಾವನ ಬೆರಳು ಗಾಳಿಯಲ್ಲಿ ನಿಂತಿತು.

“ಅಂವ ಎಲ್ಲಿ ಹೋದ?” ಎಂದ ಮಾವ. ದನಿಯಲ್ಲಿ ನಿಜವಾದ ಕಳವಳವಿತ್ತು.

“ಬರ್ತಾರೆ ಮಾವಾ!” ರಕ್ಷಿತಾ ಕೂಗಿದಳು. ಪಕ್ಕದ ಮನೆಗೂ ಕೇಳುವಷ್ಟು ದೊಡ್ಡ ದನಿಯಲ್ಲಿ. “ಕಾಯಿರಿ. ಈಗ ಬರ್ತಾರೆ.”

ಬಂದ. ಮಾವನ ಬೆರಳು ಮತ್ತೆ ಕೆಳಗಿಳಿಯಿತು.

ಉಳಿದ ಎಂಟು ದಿನಗಳಲ್ಲಿ ಹತ್ತು ಸಿಡಿಯೂ ಆಯಿತು. ಒಂದೊಂದು ಮುಗಿದಾಗಲೂ ಮಾವ ಹೊದಿಕೆ ತರಿಸಿಕೊಂಡು, ಆ ಎತ್ತರದ ವಾದ್ಯದವನ ಮುಖವನ್ನು ಕನ್ನಡಕದ ಹತ್ತಿರ ಹಿಡಿದು ನೋಡುತ್ತಿದ್ದ. ಪಿಯಾನೋ ಅವನಿಗೆ ಅಲ್ಲೊಂದು ಇಲ್ಲೊಂದು ಕೇಳುತ್ತಿತ್ತು, ಕುಂಚದ ಸದ್ದು ಇಲ್ಲವೇ ಇಲ್ಲ. ಯಾವುದು ಕಿವಿಗೆ ಬೀಳುತ್ತದೆಂದು ರಕ್ಷಿತಾ ಕೇಳಿದಳು, ಈ ಸಲ ನೇರವಾಗಿ. ಅವನೂ ‘ಹ್ಞಾ ಹ್ಞಾ’ ಎನ್ನದೆ ಹೇಳಿದ. ಹೊರಡುವ ಮುಂಚೆ ಕಿವಿ ಡಾಕ್ಟರರನ್ನು ಕಾಣಲೂ ಒಪ್ಪಿಕೊಂಡ.

ಅಕ್ಕಿ ತುಂಬಿದ ಎರಡನೆಯ ದಿನ ಬೆಳಗ್ಗೆ ಅಪ್ಪ ಅನ್ನಕ್ಕೆಂದು ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ್ದ. ದೇವಿ ಓಡಿ ಬಂದು ಸೇರನ್ನು ಕಸಿದುಕೊಂಡಳು.

“ಮುಟ್ಬೇಡಿ ಅದ್ನ! ತಮ್ಮ ಹೋಗೂ ತನಕ ಒಂದು ಕಾಳು ಕಮ್ಮಿ ಆಗೂಕಿಲ್ಲ. ಪೇಟೆಗೆ ಹೋಗಿ ಐದು ಕಿಲೋ ಅಕ್ಕಿ ತಕಂಡು ಬನ್ನಿ.”

“ಮನೆ ತುಂಬ ಅಕ್ಕಿ ಇಟ್ಕಂಡು ಅಂಗಡಿ ಅಕ್ಕಿಯನೆ?”

“ಹೌದು. ಅಂಗಡಿ ಅಕ್ಕಿ.”

ಬೊಮ್ಮಯ್ಯ ಚೀಲ ಹಿಡಿದು ಹೊರಟ. ಒಳಗೆ ‘ಮಳೆಕೋಟು’ ಶುರುವಾಗಿತ್ತು. ರಕ್ಷಿತಾ ಡೈರಿ ತೆರೆದು ತಾರೀಖು ಬರೆದಳು. ಅದರ ಕೆಳಗೆ ಆ ಮೂರನೆಯವನನ್ನು ಮನೆಗೆ ಕರೆತಂದವರ ಹೆಸರುಗಳನ್ನು ಬರೆದಳು: ಜಟ್ಟು ಮಾವ, ಮಾದೇವಣ್ಣ, ಹಿಂದಿನ ಕಪಾಟಿನ ಮುದುಕ, ಹೆಲಿಕಾಪ್ಟರು ಬಿಟ್ಟುಕೊಟ್ಟ ಅಪ್ಪ, ಹುಣ್ಣಿಮೆ ಬಿಟ್ಟುಕೊಟ್ಟ ಆಯಿ. ಮುಂದೆ ಬರೆಯುವಷ್ಟರಲ್ಲಿ ಮಾವ ಕರೆದ. ಡೈರಿಯನ್ನು ತೆರೆದೇ ಬಿಟ್ಟು ಎದ್ದು ಹೋದಳು.